ಗುರಿ: ಅಕ್ಷರಗಳನ್ನು ಗುರುತಿಸುವುದು

ಶಾಲೆಗೆ ಬರಲಾಗದ ವಿಶೇಷಚೇತನ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಸರ್ಕಾರಿ ಟೀಚರ್ ನಾನು. ಬೋಳಾರದ ನನ್ನ ಮನೆಯಿಂದ ಸ್ಕೂಟರ್ ಹತ್ತಿದರೆ ವಾರವಿಡೀ ಊರು ಸುತ್ತುವ ಕೆಲಸ. ಪಾಠ ಅರ್ಧ, ಬರವಣಿಗೆ ಅರ್ಧ. ಪ್ರತಿ ಮಗುವಿಗೂ ವರ್ಷಕ್ಕೊಂದು ಯೋಜನೆ ಬರೆದು ಕಚೇರಿಗೆ ಕೊಡಬೇಕು. ಮಗು ಕಲಿಯುವುದು ಮನೆಯಲ್ಲೋ ಶಾಲೆಯಲ್ಲೋ, ಈ ವರ್ಷದ ಗುರಿ ಏನು, ಎಲ್ಲ ಅದರಲ್ಲಿರಬೇಕು. ಯಾವ ಶಾಲೆಗೆ ಏನು ಬೇಕೆಂದು ತೀರ್ಮಾನಿಸುವ ಸರ್ಕಾರದ ದೊಡ್ಡ ಯೋಜನೆಗೆ ಈ ಹಾಳೆಗಳೇ ಬುನಾದಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಾವು ಬುನಾದಿ ಹಾಕುವ ಕ್ರಮ ಮಾತ್ರ ಬಹಳ ಸರಳ. ಕಳೆದ ವರ್ಷದ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದು, ಇಸವಿ ಬದಲಿಸಿ, ಪ್ರಿಂಟ್ ತೆಗೆಯುವುದು. ನಾನೊಬ್ಬಳೇ ಅಲ್ಲ, ನಮ್ಮಲ್ಲಿ ಎಲ್ಲರೂ ಹಾಗೇ.

ಕುಲಶೇಖರದ ಒಂದು ಮನೆಗೆ ನಾನು ಹಸಿದುಕೊಂಡೇ ಹೋಗುತ್ತಿದ್ದೆ. ಅಲ್ಲಿ ಹತ್ತು ವರ್ಷದ ಹುಡುಗಿ. ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯೇ ಗತಿ. ಮಾತು ನಿಧಾನ, ಆದರೆ ಆಡಿದ್ದೆಲ್ಲ ಖಾರ. ಅಮ್ಮ ಕೆಲಸಕ್ಕೆ ಹೋದ ಮೇಲೆ ಅವಳ ಜೊತೆಗೆ ಅಜ್ಜಿ ಮಾತ್ರ. ಅಜ್ಜಿ ಗಲ್ಫ್‌ನಲ್ಲಿ ನರ್ಸ್ ಆಗಿದ್ದ ಕೊಂಕಣಿ ಹೆಂಗಸು. ರೋಗಿಗಳಿಗೆ ಮದ್ದು ಕುಡಿಸಿದ ಗತ್ತಿನಲ್ಲೇ ನನಗೆ ತಿಂಡಿ ತಿನ್ನಿಸುತ್ತಿದ್ದರು. “ಪಾಠ ಎಲ್ಲಿಗೂ ಓಡುವುದಿಲ್ಲ ಟೀಚರ್. ಮೊದಲು ನೀರುದೋಸೆ ತಿನ್ನಿ.”

ಮನೆಯ ಹಿಂದೆಯೇ ಸರ್ಕಾರಿ ಶಾಲೆ. ಅದರ ಗಂಟೆ ಬಾರಿಸಿದಾಗಲೆಲ್ಲ ಹುಡುಗಿ ಪುಸ್ತಕದಿಂದ ತಲೆ ಎತ್ತುತ್ತಿದ್ದಳು. “ಟೀಚರ್, ಈ ವರ್ಷ ನಾನು ಶಾಲೆಗೆ ಹೋಗ್ತೇನಾ?” ನಾನು “ನೋಡುವ” ಎನ್ನುತ್ತಿದ್ದೆ. ಆಗುವುದಿಲ್ಲ ಎನ್ನಲು ಮರ್ಯಾದೆ ಅಡ್ಡ ಬಂದಾಗ ನಮ್ಮೂರಿನವರು ಹೇಳುವುದು ಇದನ್ನೇ.

ಒಂದು ದಿನ ಹೊಸ ವರ್ಷದ ಹಾಳೆಗೆ ಅಜ್ಜಿಯ ಸಹಿ ಬೇಕಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, ದೋಸೆ ತಿಂದು, ಕೈ ತೊಳೆದು ಬಂದೆ. ನೋಡಿದರೆ ಹುಡುಗಿ ಅದನ್ನು ಎಳೆದುಕೊಂಡು ಬೆರಳಿಟ್ಟು ಓದುತ್ತಿದ್ದಾಳೆ. ಸರ್ಕಾರಿ ಕನ್ನಡ ನನಗೇ ಕಷ್ಟ, ಅದನ್ನೂ ಓದುತ್ತಾಳಲ್ಲ ಎಂದು ನಾನು ಉಬ್ಬಿಹೋದೆ.

“ಗುರಿ... ಅಕ್ಷರಗಳನ್ನು... ಗುರುತಿಸುವುದು.” ತಲೆ ಎತ್ತಿದಳು. “ಇದು ಯಾರದ್ದು ಟೀಚರ್? ನನ್ನದಾ?”

ಅದು ಮೂರು ವರ್ಷದ ಹಿಂದೆ ಬರೆದ ಗುರಿ. ಈಗ ಅವಳು ಪೇಪರನ್ನೇ ಓದುತ್ತಿದ್ದಳು, ಅಜ್ಜಿಯ ಮಾತ್ರೆಯ ಡಬ್ಬಿಯನ್ನೂ ಬಿಡುತ್ತಿರಲಿಲ್ಲ. ಬೆರಳು ಕೆಳಗಿನ ಸಾಲಿಗೆ ಇಳಿಯಿತು. “ಕಲಿಯುವ ಸ್ಥಳ... ಮನೆ.” ಹಾಳೆಯನ್ನು ನನ್ನ ಕಡೆಗೆ ತಳ್ಳಿ ಗೋಡೆ ನೋಡುತ್ತ ಕುಳಿತಳು.

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು. “ನಾನೂ ಮೂರು ವರ್ಷ ಓದದೆ ಸೈನ್ ಹಾಕಿದೆನಲ್ಲ! ಹಳೇ ಚಾರ್ಟ್ ನೋಡಿ ಮದ್ದು ಕೊಟ್ಟರೆ ಪೇಷೆಂಟಿನ ಗತಿ ಎಂತ ಮಾರಾಯ್ತಿ?”

ಅಲ್ಲಿಯವರೆಗೆ ಟೀಚರ್ ಆಗಿದ್ದವಳು ಒಂದೇ ಏಟಿಗೆ ಮಾರಾಯ್ತಿ ಆದೆ. ಆಗಬೇಕಾದದ್ದೇ. ಹಾಳೆಯನ್ನು ಹರಿದು, ಖಾಲಿ ನಮೂನೆಯೊಂದನ್ನು ತೆಗೆದು ಹುಡುಗಿಯ ಎದುರು ಕುಳಿತೆ. “ನೀನೇ ಹೇಳು, ಗುರಿ ಎಂತ ಬರೆಯಲಿ?”

ಅವಳು ಶಾಲೆಯ ಕಡೆಗೆ ಕೈ ತೋರಿಸಿದಳು. “ಕ್ಲಾಸಿನಲ್ಲಿ ಮಾತಾಡಿ ಬೈಸಿಕೊಳ್ಳಬೇಕು. ಅಲ್ಲಿ ಎಲ್ಲರಿಗೂ ಬೈಯುವುದು ಇಲ್ಲಿಗೆ ಕೇಳ್ತದೆ. ನನಗೆ ಮಾತ್ರ ಯಾರೂ ಬೈಯುವುದಿಲ್ಲ.”

ಹಾಗೆಯೇ ಬರೆದೆ. ಸ್ಥಳದ ಮುಂದೆ ‘ಶಾಲೆ’ ಎಂದು ದಪ್ಪಕ್ಷರದಲ್ಲಿ ಬರೆದೆ. ಕಚೇರಿಯಲ್ಲಿ ಸಾಹೇಬರು ಎರಡು ಸಲ ಓದಿ, “ಇದೆಂತ ಟೀಚರ್?” ಎಂದರು. “ಈ ವರ್ಷ ನಾನು ನಿಜವಾಗಿ ಬರೆದದ್ದು ಇದೊಂದೇ ಸಾರ್” ಎಂದೆ. ಅವರು ನಕ್ಕು ಸಹಿ ಹಾಕಿದರು. ಉಳಿದ ಮಕ್ಕಳ ಹಾಳೆಗಳನ್ನು ನಾನೇ ವಾಪಸು ತಂದು, ಒಂದೊಂದು ಮನೆಗೂ ಮತ್ತೆ ಹೋಗಿ ಹೊಸದಾಗಿ ಬರೆದೆ.

ಆಮೇಲೆ ಗೊತ್ತಾಯಿತು, ಆ ಶಾಲೆಯ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತಿಸುವ ಇಳಿಜಾರು ದಾರಿ ಇಷ್ಟು ವರ್ಷ ಯಾಕೆ ಬಂದಿರಲಿಲ್ಲ ಎಂದು. ನಾನು ‘ಮನೆ’ ಎಂದು ಬರೆಯುತ್ತಿದ್ದಷ್ಟು ಕಾಲ ಅದು ಯಾರಿಗೂ ಬೇಕಾಗಿರಲಿಲ್ಲ. ‘ಶಾಲೆ’ ಎಂದು ಬರೆದ ಮೇಲೆ ಅದು ದೊಡ್ಡ ಯೋಜನೆಗೂ ಸೇರಿತು. ಮಳೆಗಾಲ ಮುಗಿದ ಮೇಲೆ ಸಿಮೆಂಟೂ ಬಂತು, ದಾರಿಯೂ ಆಯಿತು. ಮೊದಲ ದಿನ ಅಜ್ಜಿಯೇ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

ತಿಂಗಳೊಳಗೆ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. “ನಿಮ್ಮ ಹುಡುಗಿಯನ್ನು ಸುಧಾರಿಸಲಿಕ್ಕೆ ಆಗುವುದಿಲ್ಲ ಟೀಚರ್. ಪಾಠ ಮಾಡುವಾಗ ಪಕ್ಕದವಳ ಹತ್ತಿರ ಮಾತೇ ಮಾತು. ಇವತ್ತು ಇಬ್ಬರಿಗೂ ಸಮಾ ಬೈದೆ.” ನಾನು ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸಂಜೆ ನೇರ ಕುಲಶೇಖರಕ್ಕೆ ಹೋದೆ.

ಹುಡುಗಿ ಬಾಗಿಲಲ್ಲೇ ಕಾಯುತ್ತಿದ್ದಳು, ಮಡಿಲಲ್ಲಿ ಪೆನ್ನು.

“ಆ ಗುರಿ ಆಯ್ತು ಟೀಚರ್. ಇನ್ನು ಹೊಸತು ಬರೀರಿ.”