ಬಾರದವನಿಗೆ ಬಾಟಲಿ

ನನ್ನ ಹೆಂಡತಿ ಗುನ್ವೋರ್‌ಗೆ ಸಿಟ್ಟು ಬಂದರೆ ಫ್ಯೋರ್ಡಿನ ಆಚೆ ದಂಡೆಯ ಕುರಿಗಳೂ ಮೇಯುವುದು ಬಿಟ್ಟು ತಲೆಯೆತ್ತುತ್ತವೆ. ನಲವತ್ತೊಂದು ವರ್ಷ ಅದನ್ನು ಹತ್ತಿರದಿಂದ ನೋಡಿದವನು ನಾನು. ಆದರೆ ಇಲ್ಲಿ ಅವಳೊಬ್ಬಳಿಗೇ ಸಿಟ್ಟು ಎಂದುಕೊಳ್ಳಬೇಡಿ. ನನಗೂ ಇದೆ. ಅವಳ ಮೇಲೆ, ಅವಳ ಅಣ್ಣ ಸ್ಟೈನಾರನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಒಡ್ಮುಂಡ್ ಎಂಬ ಪೆದ್ದನ ಮೇಲೆ, ಅಂದರೆ ನನ್ನ ಮೇಲೆ.

ಬೆಟ್ಟಗಳ ನಡುವೆ ನುಗ್ಗಿ ಬಂದ ಕಡಲಿನ ಈ ಫ್ಯೋರ್ಡು ಮುಗಿಯುವ ಕಡೆ ನಮ್ಮೂರು, ಎಂಟೇ ಮನೆ. ಕ್ರಿಸ್‌ಮಸ್‌ಗೆ ಅಂಗಡಿಯ ಬಿಯರ್ ತಂದವನನ್ನು ಇಲ್ಲಿ ಕಾಯಿಲೆಯವನನ್ನು ನೋಡುವ ಹಾಗೆ ನೋಡುತ್ತಾರೆ. ನಾನು ಪಕ್ಕದ ಕಣಿವೆಯವನು, ಅಂಗಡಿಯದನ್ನೇ ಕುಡಿದು ಬೆಳೆದವನು. ಹಾಗಾಗಿ ಇವತ್ತಿಗೂ ಇಲ್ಲಿ ಹೊಸಬ. ನಮ್ಮ ಮನೆಯಲ್ಲಿ ಬಿಯರ್ ಮಾಡುವವಳು ಗುನ್ವೋರ್. ಬಿಯರ್ ಹುದುಗಿಸುವ ಯೀಸ್ಟು ಅವಳ ಅಮ್ಮನದು, ಅಮ್ಮನಿಗೆ ಅವಳ ಅಮ್ಮನಿಂದ ಬಂದದ್ದು. ನೆಲಮಾಳಿಗೆಯ ಫ್ರಿಜ್ಜಿನಲ್ಲಿ ಒಂದು ಗಾಜಿನ ಜಾಡಿಯಲ್ಲಿ ಬೂದು ಬಣ್ಣದ ಕೆಸರಿನ ಹಾಗೆ ಕೂತಿರುತ್ತಿತ್ತು.

ಜಗಳ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಅವಳ ಅಪ್ಪ ತೀರಿಕೊಂಡಾಗ. ಸಾವಿನ ಊಟಕ್ಕೆ ಬಿಯರ್ ಬೇಕೇ ಬೇಕು. ಗುನ್ವೋರ್ ಅಳುತ್ತಲೇ ಒಲೆ ಹೊತ್ತಿಸಿ, ಐದೇ ದಿನದಲ್ಲಿ ಬಿಯರ್ ತಯಾರು ಮಾಡಿದಳು. ಊಟದ ಮೇಜಿನಲ್ಲಿ ಸ್ಟೈನಾರ್ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ಇಡೀ ಊರು ಕೂತಿತ್ತು.

“ಹುಳಿಯಾಗಿದೆ,” ಎಂದ.

ಗುನ್ವೋರ್ ನನ್ನ ಕಡೆ ತಿರುಗಿದಳು. “ನೀನು ಹೇಳು. ಹುಳಿಯಾಗಿದ್ಯಾ?”

“ಫಸ್ಟ್‌ಕ್ಲಾಸ್ ಆಗಿದೆ,” ಎಂದೆ ನಾನು.

ಅವತ್ತಿನಿಂದ ಅಣ್ಣ ತಂಗಿ ಮಾತು ಬಿಟ್ಟರು. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಹೊಲ, ಒಂದು ಬೇಲಿ. ಆದರೂ ಹನ್ನೊಂದು ವರ್ಷ! ಇವರಿಗೆ ಬುದ್ಧಿ ಇದೆಯೇ ಎಂದು ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ!

ನಮ್ಮೂರಿನಲ್ಲಿ ಬಿಯರ್ ಪೀಪಾಯಿಯಲ್ಲೇ ಇರುತ್ತದೆ. ಯಾರು ಬಾಗಿಲು ತಟ್ಟಿದರೂ ನಲ್ಲಿ ತಿರುಗಿಸಿ ಬಟ್ಟಲಿಗೆ ಬಿಟ್ಟುಕೊಡುವುದು. ಬಾಟಲಿಗೆ ತುಂಬಿಸಿ ಕಳಿಸಿದರೆ, ನೀನು ನನ್ನ ಮನೆಗೆ ಬರುವವನಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಆ ವರ್ಷದ ಕ್ರಿಸ್‌ಮಸ್‌ಗೆ ಗುನ್ವೋರ್ ಮೊದಲ ಸಲ ಬಾಟಲಿ ತೆಗೆದಳು. ಹನ್ನೆರಡು, ತಂತಿಯ ಕೊಕ್ಕೆಯಿಂದ ಮುಚ್ಚಳ ಬಿಗಿಯುವ ಹಳೇ ಕಾಲದವು.

“ಅವನಿಗಾ?” ಎಂದೆ.

“ಹುಳಿಯಂತೆ ಹುಳಿ! ಹನ್ನೆರಡು ಸಲ ಕುಡೀಲಿ. ಹನ್ನೆರಡು ಸಲ ಅವನ ನಾಲಿಗೆಗೆ ನಾಚಿಕೆಯಾಗ್ಲಿ.”

ಅಲ್ಲಿಂದ ಇದು ಪ್ರತಿವರ್ಷದ ಕೆಲಸವಾಯಿತು. ಹಿಂದಿನ ದಿನವೇ ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆದು ಹೊರಗೆ ಹಿಮದಲ್ಲಿ ಹೂತಿಡಬೇಕು. ಬಾಟಲಿ ಬೆಚ್ಚಗಿದ್ದರೆ ಬಿಯರ್ ಒಳಗೆ ಬಿದ್ದ ಕೂಡಲೇ ಬುರುಗೆದ್ದು ಅರ್ಧ ನೆಲದ ಪಾಲು. ಬೆಳಿಗ್ಗೆ ಪೀಪಾಯಿಯ ಗ್ಯಾಸ್ ಇಳಿಸುತ್ತಾಳೆ. ನಲ್ಲಿಗೆ ಸಿಕ್ಕಿಸಿದ ಕೊಳವೆಯನ್ನು ಬಾಟಲಿಯ ತಳ ಮುಟ್ಟಿಸುತ್ತಾಳೆ. ನಲ್ಲಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸುತ್ತಾಳೆ. ಬಿಯರ್ ಸದ್ದಿಲ್ಲದೆ ಮೇಲೇರುತ್ತದೆ, ಬುರುಗು ಬಾಯಿಗೆ ಬರುತ್ತದೆ, ಆ ಬುರುಗಿನ ಮೇಲೇ ನಾನು ಮುಚ್ಚಳ ಬಿಗಿಯಬೇಕು. ಗಾಳಿ ಒಳಗುಳಿದರೆ ರುಚಿ ಕೆಡುತ್ತದೆ.

ನಾನು ಒಂದು ಕ್ಷಣ ತಡ ಮಾಡಿದರೂ, “ನಿದ್ದೆ ಮಾಡ್ತಿದ್ಯಾ? ಕೈಯಾ ಅದು, ಮರದ ಕೊರಡಾ?” ಎಂದು ಶುರು. ಬಾಯಿ ತುಂಬ ಅಣ್ಣನಿಗೆ ಬೈಗುಳ. ಆದರೆ ನಲ್ಲಿಯ ಮೇಲಿನ ಕೈ ಮಾತ್ರ ಕೂಸಿನ ತಲೆ ಹಿಡಿದ ಹಾಗೆ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಶತ್ರುವಿಗೆಂದು ಬಿಯರ್ ತುಂಬುವಾಗ ಇಷ್ಟು ಜೋಪಾನವೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ.

ಬಾಟಲಿಗಳನ್ನು ಬೇಲಿಯ ಗೇಟಿನ ಬಳಿ ಇಟ್ಟು ಬರುವವನು ನಾನು. ಜನವರಿಯಲ್ಲಿ ಹನ್ನೆರಡೂ ಖಾಲಿಯಾಗಿ, ತೊಳೆದು ಫಳಫಳ ಹೊಳೆಯುತ್ತ ಅಲ್ಲೇ ಕೂತಿರುತ್ತಿದ್ದವು. ಚೀಟಿ ಇಲ್ಲ, ಮಾತಿಲ್ಲ. ಹೋದ ಜನವರಿಯಲ್ಲಿ ಮಾತ್ರ ಹನ್ನೊಂದೇ ಬಂದವು.

“ಕಳ್ಳ!” ಎಂದಳು ಗುನ್ವೋರ್. ಮೂರು ಸಲ ಎಣಿಸಿದಳು. “ಅಮ್ಮನ ಕಾಲದ ಬಾಟಲಿ ಅದು! ಬಿಯರ್ ಹುಳಿ, ಬಾಟಲಿ ಮಾತ್ರ ಸಿಹಿಯಾ ಅವನಿಗೆ?”

“ಹೋಗಿ ಕೇಳು ಮತ್ತೆ.”

“ನಾನಾ? ಅವನ ಹೊಸ್ತಿಲಿಗಾ? ನನ್ನ ಹೆಣ ಹೋಗ್ಬೇಕು ಅಲ್ಲಿಗೆ.”

ಆ ವರ್ಷವೆಲ್ಲ ಹನ್ನೆರಡನೇ ಬಾಟಲಿಯದೇ ಮಾತು. ಕುರಿ ಉಣ್ಣೆ ಕತ್ತರಿಸುವಾಗಲೂ ಅದೇ, ಆಲೂಗಡ್ಡೆ ಅಗೆಯುವಾಗಲೂ ಅದೇ. ನನಗೆ ಸಾಕುಸಾಕಾಗಿ ಹೋಯಿತು.

ಇನ್ನು ನನ್ನ ಘನಕಾರ್ಯ ಕೇಳಿ. ನವೆಂಬರಿನಲ್ಲಿ ಗುನ್ವೋರ್ ಪೇಟೆಗೆ ಹೋಗಿದ್ದಳು. ಕ್ರಿಸ್‌ಮಸ್ ಬಂತಲ್ಲ, ಅವಳು ಬರುವಷ್ಟರಲ್ಲಿ ನೆಲಮಾಳಿಗೆ ಚೊಕ್ಕಟ ಮಾಡೋಣ ಎಂದುಕೊಂಡೆ. ಫ್ರಿಜ್ಜಿನಲ್ಲಿ ಎರಡು ಜಾಡಿ ಇದ್ದವು. ಒಂದರಲ್ಲಿ ಹಳಸಿದ ಹುಳಿಕೆನೆ. ಇನ್ನೊಂದು ನಿಮಗೆ ಗೊತ್ತೇ ಇದೆ. ಕನ್ನಡಕ ಮೇಲೆ ಮರೆತಿದ್ದೆ. ಎರಡನ್ನೂ ಚೆಲ್ಲಿ, ಕುದಿನೀರು ಹುಯ್ದು, ಬ್ರಷ್ ಹಾಕಿ ತಿಕ್ಕಿ, ಬೋರಲು ಹಾಕಿದೆ. ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಪಾತ್ರೆ ತೊಳೆದಿರಲಿಲ್ಲ.

ಗುನ್ವೋರ್ ಬಂದು ಬೋರಲು ಬಿದ್ದ ಜಾಡಿ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಜಾಡಿಯನ್ನು ಮೂಸಿ ನೋಡಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸುದ್ದಿ ತಿಳಿದು ಅಕ್ಕಪಕ್ಕದ ಮೂರು ಮನೆಯವರು ತಮ್ಮ ತಮ್ಮ ಯೀಸ್ಟು ಹಿಡಿದುಕೊಂಡು ಬಂದರು. ಎಲ್ಲರನ್ನೂ ವಾಪಸು ಕಳಿಸಿದಳು. “ಅಮ್ಮನದು ಹೋಯ್ತು. ಇನ್ನು ಈ ಮನೇಲಿ ಬಿಯರ್ ಇಲ್ಲ,” ಎಂದಳು.

ಮೂರನೇ ದಿನ ತಿಂಡಿಯ ಹೊತ್ತಿಗೆ ಚಮಚ ಕೆಳಗಿಟ್ಟು ಎದ್ದಳು. “ಹನ್ನೆರಡನೇ ಬಾಟಲಿ,” ಎಂದಳು. ಅವಳು ಬಿಯರನ್ನು ಸೋಸುವವಳಲ್ಲ. ಪೀಪಾಯಿಯಿಂದ ತುಂಬಿದ ಪ್ರತಿ ಬಾಟಲಿಯ ತಳದಲ್ಲೂ ತೆಳ್ಳಗೆ ಯೀಸ್ಟು ಕೂತಿರುತ್ತದೆ. ಆ ಬಾಟಲಿಯನ್ನು ಅವನಿನ್ನೂ ತೆರೆಯದೆ ಇದ್ದರೆ ಅಮ್ಮನ ಯೀಸ್ಟು ಅದರಲ್ಲಿದೆ. ಕೋಟು ಹಾಕದೆ ಹೊರಟಳು. ಕೋಟು ಹಿಡಿದುಕೊಂಡು ನಾನು ಹಿಂದೆ ಓಡಿದೆ.

ಸ್ಟೈನಾರ್ ಬಾಗಿಲು ತೆಗೆದ. ಎಪ್ಪತ್ತೆರಡರ ಮುದುಕ, ಹೆಗಲಿಂದ ಜಾರಿದ ಪ್ಯಾಂಟಿನ ಪಟ್ಟಿ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು.

“ಎಲ್ಲೋ ನನ್ನ ಬಾಟಲಿ?” ಎಂದಳು ಗುನ್ವೋರ್. ಹನ್ನೊಂದು ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು.

“ಹತ್ತು ತಿಂಗಳು ಬೇಕಾಯ್ತಾ ಕೇಳೋಕೆ?” ಎಂದ ಅವನು. “ಒಂದು ಕಡಿಮೆ ಮಾಡಿದ್ರೆ ಜಗಳಕ್ಕಾದ್ರೂ ಬರ್ತೀಯ ಅಂತ ಇಟ್ಕೊಂಡೆ. ಎಷ್ಟು ಗರ್ವಾನೇ ನಿನಗೆ!”

“ತೆರೆದ್ಯಾ?”

“ತೆರೆದ್ರೆ ನೀನ್ಯಾಕೆ ಬರ್ತೀಯ, ಗೂಬೆ! ತುಂಬಿದ ಹಾಗೇ ಇದೆ.”

ಗುನ್ವೋರ್ ಬಾಗಿಲ ಚೌಕಟ್ಟಿಗೆ ಒರಗಿ ಜೋರಾಗಿ ಅತ್ತಳು. ಅಳುತ್ತಲೇ, “ಅಲ್ಲಾಡಿಸ್ಬೇಡ, ನೆಟ್ಟಗೆ ಹಿಡ್ಕೊಂಡು ಬಾ!” ಎಂದು ಅಣ್ಣನ ಮೇಲೆ ಹರಿಹಾಯ್ದಳು.

ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ತಳದ ಕೆಸರನ್ನು ಜಾಡಿಗೆ ಬಿಟ್ಟು, ಮೊಳಕೆ ಬಾರ್ಲಿಯ ಸಿಹಿರಸ ಉಣಿಸುತ್ತ ಒಲೆಯ ಪಕ್ಕ ನಾಲ್ಕು ದಿನ ಕಾದಳು. ಐದನೇ ದಿನ ಜಾಡಿ ಬುರುಗೆದ್ದಿತು. ಅವತ್ತೇ ದೊಡ್ಡ ಹಂಡೆ ಒಲೆಗೇರಿತು. ಸ್ಟೈನಾರನೂ ಬಿಯರಿನ ಘಮಕ್ಕೆ ಹಾಕುವ ಜೂನಿಪರ್ ಸೊಪ್ಪಿನ ಹೊರೆ ಹೊತ್ತು ಬಂದ, ಯಾರೂ ಕರೆದಿರಲಿಲ್ಲ.

ಯೀಸ್ಟು ಹಾಕುವಾಗ ನಮ್ಮಲ್ಲಿ ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗಬೇಕು. ಹೊಟ್ಟೆಯಲ್ಲಿ ಕೂಗನ್ನು ಉಳಿಸಿಕೊಂಡರೆ ಬಿಯರ್ ಸಪ್ಪೆಯಾಗುತ್ತದಂತೆ. ಗುನ್ವೋರ್ ಜಾಡಿ ಬಗ್ಗಿಸಿದಳು.

“ಹುಳಿಯಾಗಿತ್ತು!” ಎಂದು ಕೂಗಿದ ಸ್ಟೈನಾರ್.

“ಸುಳ್ಳ! ಸುಳ್ಳುಬುರುಕ!” ಎಂದು ಕೂಗಿದಳು ಗುನ್ವೋರ್.

ನನ್ನ ಸರದಿ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷ ಹೊಟ್ಟೆಯಲ್ಲಿ ಹೊತ್ತುಕೊಂಡಿದ್ದು ತಾನಾಗಿ ಬಾಯಿಗೆ ಬಂತು.

“ಹುಳಿಯಾಗಿತ್ತು ಕಣೇ! ನನಗೂ ಅವತ್ತೇ ಗೊತ್ತಿತ್ತು!”

ಗುನ್ವೋರ್ ಖಾಲಿ ಜಾಡಿಯನ್ನು ಮೇಜಿನ ಮೇಲಿಟ್ಟಳು.

“ಅವತ್ತೇ ಹೇಳಿದ್ರೆ,” ಎಂದಳು ಮೆಲ್ಲಗೆ, “ಒಂದು ವಾರ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿರ್ತಿದ್ದೆ. ಹನ್ನೊಂದು ವರ್ಷ ನನ್ನಣ್ಣನ್ನ ಕಳ್ಕೊಂಡೆನಲ್ಲೋ.”

ಅವಳು ಹೇಳಿದ್ದು ನಿಜ. ಅವಳ ಕಣ್ಣೀರಿಗೆ ಹೆದರಿ ಆಡಿದ ಒಂದು ಮಾತು. ಆಮೇಲೆ ಪ್ರತಿ ಡಿಸೆಂಬರ್ ಅವಳ ಪಕ್ಕ ನಿಂತು ಮುಚ್ಚಳ ಬಿಗಿದವನೂ ನಾನೇ, ಗೇಟಿನ ಬಳಿ ಇಟ್ಟು ಬಂದವನೂ ನಾನೇ. ಥೂ ನನ್ನ ಜನ್ಮಕ್ಕೆ!

ಕ್ರಿಸ್‌ಮಸ್‌ಗೆ ಮೊದಲು ಅವಳು ಒಂದೇ ಒಂದು ಬಾಟಲಿ ತೊಳೆದು ಹಿಮದಲ್ಲಿಟ್ಟಳು. ಆ ಹನ್ನೆರಡನೆಯದು. ಯಾರಿಗೆ ಎಂದು ನಾನು ಕೇಳಲಿಲ್ಲ. ಈ ಸಲ ಮುಚ್ಚಳವನ್ನೂ ಅವಳೇ ಬಿಗಿದಳು, ನನ್ನನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಹಬ್ಬದ ದಿನ ಸ್ಟೈನಾರ್ ಬಂದು ಅಪ್ಪನ ಕುರ್ಚಿಯಲ್ಲಿ ಕೂತ. ಬೆಂದ ಕುರಿಯ ಪಕ್ಕೆಲುಬಿನ ಘಮ ಮನೆಯೆಲ್ಲ. ಗುನ್ವೋರ್ ಪೀಪಾಯಿಯ ನಲ್ಲಿ ತಿರುಗಿಸಿ ಮರದ ಬಟ್ಟಲು ತುಂಬಿ ಅಣ್ಣನ ಕೈಗೆ ಕೊಟ್ಟಳು. ಅವನು ಕುಡಿದು, ತಲೆದೂಗಿ, ಮತ್ತೆ ಬಟ್ಟಲು ಚಾಚಿದ. ಆಮೇಲೆ ತನಗೊಂದು ತುಂಬಿಕೊಂಡಳು.

ನನ್ನ ತಟ್ಟೆಯ ಪಕ್ಕಕ್ಕೆ ಬಾಟಲಿಯನ್ನು ತಂದು ಕುಕ್ಕಿದಳು.