ಕರಿಬಾಲ ಯಾವುದು, ಕಂದುಬಾಲ ಯಾವುದು

ಬೆಳಕು ಹರಿಯುವ ಹೊತ್ತಿಗೆ, ಹಕ್ಕಿಗಳನ್ನು ನೋಡಿಕೊಳ್ಳುವ ಹಕ್ಕಿಯಕ್ಕ ಉದ್ಯಾನದ ಹಕ್ಕಿಮನೆಯ ಬೀಗ ತೆಗೆಯುತ್ತಾರೆ. ನೀರಿನ ತಟ್ಟೆ ಉಜ್ಜಿ, ಮೊಳಕೆ ಬಂದ ನವಣೆ ಹರಡಿ, ಬಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹಕ್ಕಿಮನೆಯನ್ನು ಎರಡು ಮಾಡುವ ನಡುಬಲೆಯ ಆಚೆಗೊಂದು ಬಗೆ, ಈಚೆಗೊಂದು ಬಗೆ. ಎರಡೂ ಆಫ್ರಿಕಾ ಮೂಲದ, ಕಾಳು ತಿನ್ನುವ ಫಿಂಚ್ ಹಕ್ಕಿಗಳು. ಎರಡಕ್ಕೂ ಕೆಂಪು ಕೊಕ್ಕು, ಕಣ್ಣಿಗೆ ಅಡ್ಡಲಾಗಿ ಕೆಂಪು ಪಟ್ಟಿ. ನೋಡಲು ಬಂದವರು ಎಲ್ಲ ಒಂದೇ ಅಂದುಕೊಂಡು ಮುಂದೆ ಹೋಗುತ್ತಾರೆ.

"ಬೆನ್ನು ತಿರುಗಿಸ್ಲಿ, ಆಗ ಹೇಳ್ತೀನಿ," ಎನ್ನುತ್ತಾರೆ ಅಕ್ಕ. "ಬಾಲ ಕಪ್ಪಗಿದ್ರೆ ಒಂದು ಜಾತಿ, ಕಂದು ಇದ್ರೆ ಇನ್ನೊಂದು. ಕಂದುಬಾಲದ್ದಕ್ಕೆ ಮೈಮೇಲಿನ ಗೆರೆನೂ ಎದ್ದು ಕಾಣುತ್ತೆ. ಬರೀ ಮುಖ ನೋಡಿದ್ರೆ ನಾನೂ ಬೇಸ್ತು ಬೀಳ್ತೀನಿ."

ಈ ಕೆಲಸ ಮೊದಲು ಅವರ ಅತ್ತೆಯದು. ಅತ್ತೆಯ ಕಣ್ಣು ಮಂಜಾದಾಗ ಸೊಸೆ ಬಂದರು. ಇಬ್ಬರಿಗೂ ಮೊದಲಿಂದ ಅಷ್ಟಕ್ಕಷ್ಟೇ. ಕೆಲಸ ಬಿಟ್ಟ ಅತ್ತೆ ಮುಖ ಗಂಟಿಕ್ಕಿಕೊಂಡು ಮನೆ ಹಿಡಿದರು. ಹಕ್ಕಿಮನೆಯ ಕಡೆ ತಲೆ ಹಾಕಲಿಲ್ಲ.

ಕಳೆದ ವರ್ಷದ ಬಿರುಗಾಳಿಗೆ ಕೊಂಬೆ ಬಿದ್ದು ನಡುಬಲೆ ಹರಿಯಿತು. ಎರಡೂ ಬಗೆಯ ಹಕ್ಕಿಗಳು ಕಲಸುಮೇಲೋಗರವಾದವು. ಹಾಗೇ ಬಿಟ್ಟರೆ ಅಡ್ಡಜೋಡಿ ಕಟ್ಟಿ ಎರಡು ತಳಿಯೂ ಕೆಡುವ ಭಯ. ಅಕ್ಕ ಬಾಲ ನೋಡಿ ಒಂದೊಂದನ್ನೇ ಹಿಡಿದು ಬೇರ್ಪಡಿಸಿದರು. ಆದರೆ ಅದು ಗರಿ ಉದುರುವ ಕಾಲ. ಕೆಲವಕ್ಕೆ ಬಾಲವೇ ಇಲ್ಲ, ಹಿಂಬದಿ ಬೋಳು, ಮೈಯ ಗೆರೆಯೂ ಮಸುಕು.

"ಕೂಗು ಕೇಳಿ ಗುರುತು ಹಿಡಿಯೋದು ನಂಗೆ ಬರಲ್ಲ. ಬಿಂಕ ಬಿಟ್ಟು ಅತ್ತೆ ಹತ್ರ ಹೋದೆ."

ಅತ್ತೆ ಕೂಡಲೇ ಎದ್ದು ಬಂದರು. ಬಾಲವಿಲ್ಲದ ಹಕ್ಕಿಗಳನ್ನು ಬೇರೆ ಬೇರೆ ಪಂಜರದಲ್ಲಿ ಇಡಿಸಿ, ಕಣ್ಣು ಮುಚ್ಚಿ ಕೂಗು ಆಲಿಸುತ್ತ ಕೂತರು. "ಇದು ಮೂಗಲ್ಲಿ ಮಾತಾಡುತ್ತೆ, ಕಂದುಬಾಲದ್ದು. ಅದು ಸಿಳ್ಳೆ ಎಳೆಯುತ್ತೆ, ಆಚೆ ಬಿಡು." ಒಂದರ ವಿಷಯದಲ್ಲಿ ಮಾತ್ರ ಜಟಾಪಟಿಯೇ ಆಯಿತು. ಮೈಯ ಗೆರೆ ನೋಡಿ ಸೊಸೆ ಕಂದುಬಾಲ ಎಂದರು, ಕೂಗು ಕೇಳಿ ಅತ್ತೆ ಕರಿಬಾಲ ಎಂದರು. ಗರಿ ಚಿಗುರುವ ತನಕ ಅದನ್ನು ಒಂಟಿಯಾಗಿಟ್ಟು, ಇಬ್ಬರೂ ದಿನಾ ಬೆಳಗ್ಗೆ ಬಗ್ಗಿ ಬಗ್ಗಿ ನೋಡಿದರು. ಬಂದದ್ದು ಕಂದುಬಾಲ.

"ನನ್ನ ಕಿವಿಗೂ ವಯಸ್ಸಾಯ್ತು ಬಿಡು," ಎಂದು ಅತ್ತೆ ನಕ್ಕುಬಿಟ್ಟರಂತೆ. "ಅವರು ನಕ್ಕಿದ್ದು ನಾನು ಅವತ್ತೇ ನೋಡಿದ್ದು," ಎನ್ನುತ್ತಾರೆ ಅಕ್ಕ.

ಈಗ ಬಲೆಯ ಎರಡೂ ಕಡೆ ಮರಿಗಳ ಚಿಲಿಪಿಲಿ. ಅತ್ತೆ ದಿನವೂ ಸೊಸೆಯ ಜೊತೆಗೇ ಬರುತ್ತಾರೆ. ನಿಮಗೇನು ಬೇಕು ಎಂದು ಉದ್ಯಾನದವರು ಕೇಳಿದರೆ ಅಕ್ಕ ಬಲೆಯ ಎದುರಿನ ಬೆಂಚು ತೋರಿಸುತ್ತಾರೆ. "ಇಲ್ಲಿ ಕಲ್ಲುಬೆಂಚು ತಣ್ಣಗಿರುತ್ತೆ. ಅತ್ತೆಗೊಂದು ಒರಗು ಕುರ್ಚಿ ಹಾಕಿಸಿದ್ರೆ ಸಾಕು."

"ಎರಡು ಹಾಕಿಸಿ," ಎನ್ನುತ್ತಾರೆ ಅತ್ತೆ, ಹಕ್ಕಿಗಳ ಕಡೆಯಿಂದ ಮುಖ ತಿರುಗಿಸದೆ. "ಇವಳೂ ಒಂಚೂರು ಕೂತ್ಕೊಳ್ಳೋದು ಕಲೀಲಿ."