ಮಾಸಿದ ಬಣ್ಣಕ್ಕೆ ಮೈಲಮ್ಮನ ಸಾಕ್ಷಿ

ಮಕ್ತಲ್ ಬಸ್ ನಿಲ್ದಾಣದ ಎದುರಿನ ಓಣಿ. ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ‘ಅಂಜಯ್ಯ ವಾಚ್ ವರ್ಕ್ಸ್’ ಎಂಬ ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಐವತ್ತೆಂಟರ ಮೈಲಮ್ಮ ಬಿಳಿ ಬಟ್ಟೆ ಹಾಸಿ ಕುಳಿತಿದ್ದಾರೆ. ಬಟ್ಟೆಯ ಮೇಲೆ ವಾಚಿನಿಂದ ಬಿಚ್ಚಿದ ಒಂದು ಡಯಲ್. ಕೈಯಲ್ಲೊಂದು ಬಿದಿರಿನ ಕೋಲು. ಕೋಲಿಗೆ ನಲವತ್ತೊಂದು ನೂಲಿನ ಎಳೆಗಳನ್ನು ಕಟ್ಟಿದೆ: ಅಚ್ಚ ಕಪ್ಪಿನಿಂದ ಶುರುವಾಗಿ ಹುಣಸೆಹಣ್ಣು, ಬೆಲ್ಲ, ಹುರಿದ ಶೇಂಗಾ, ಒಣಗಿದ ಜೋಳದ ದಂಟಿನವರೆಗೆ. ಒಂದೊಂದೇ ಎಳೆಯನ್ನು ಡಯಲಿನ ಪಕ್ಕಕ್ಕೆ ಹಿಡಿದು, ತಲೆ ಅಲ್ಲಾಡಿಸಿ, ಮುಂದಿನದಕ್ಕೆ ಹೋಗುತ್ತಾರೆ.

“ಟ್ಯೂಬ್‌ಲೈಟಿನಾಗ ಬಣ್ಣ ನೋಡಬಾರದ್ರಿ, ಅದು ಸುಳ್ಳು ಹೇಳತೈತಿ. ಬಿಸಿಲೇರಿದ ಮ್ಯಾಲೂ ನೋಡಬಾರದು, ಅದು ಸುಮ್ಮಸುಮ್ಮನ ಹೊಗಳತೈತಿ. ಸೂರ್ಯ ಮೂಡೋಕಿಂತ ಮೊದಲ ಅರ್ಧ ತಾಸು ಐತಲ್ಲ, ಅದು ಖರೇ ಮಾತಾಡೋ ಹೊತ್ತು.”

ಅವರು ನೋಡುವುದು ಸಮುದ್ರಕ್ಕಿಳಿಯುವವರಿಗೆಂದು ಐವತ್ತು ಅರವತ್ತು ವರ್ಷಗಳ ಹಿಂದೆ ತಯಾರಾದ ವಾಚುಗಳನ್ನು. ಆ ಕಪ್ಪು ಡಯಲುಗಳಲ್ಲಿ ಕೆಲವು ಬಿಸಿಲು ಕುಡಿದು ಕಂದು ಬಣ್ಣಕ್ಕೆ ತಿರುಗಿವೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ವಾಚು ಒಂದೇ ಥರ ಮಾಸುವುದಿಲ್ಲ. ಸಂಗ್ರಾಹಕರಿಗೆ ಹುಚ್ಚು ಹಿಡಿಸಿರುವುದು ಈ ವ್ಯತ್ಯಾಸವೇ. ಹುಚ್ಚಿದ್ದಲ್ಲಿ ಮೋಸವೂ ಇದೆ. ಹೊಸ ಕಂದು ಬಳಿದು ಹಳೆಯದೆಂದು ಮಾರುವವರಿದ್ದಾರೆ. ಅದಕ್ಕೇ ಹೈದರಾಬಾದಿನಿಂದ, ರಾಯಚೂರಿನಿಂದ ಡಯಲುಗಳು ಈ ಕಟ್ಟೆಗೆ ಬರುತ್ತವೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಮುಟ್ಟುವುದಿಲ್ಲ ಮೈಲಮ್ಮ. ಕಣ್ಣು ದಣಿಯುತ್ತದೆ.

ಈ ಕಣ್ಣು ಬಂದದ್ದು ನಾರಾಯಣಪೇಟೆಯಿಂದ. ಮಗ್ಗಗಳಿಗೆ ನೂಲು ಅದ್ದಿಕೊಡುವ ಮನೆಯ ಮಗಳು. ಎಂಟು ವರ್ಷಕ್ಕೇ ಬಣ್ಣದ ಬಾನಿಯ ಮುಂದೆ ಕೂತವರು. ಒದ್ದೆ ನೂಲಿನ ಲಡಿಯನ್ನು ನಸುಕಿನ ಬೆಳಕಿಗೆ ಹಿಡಿದು, ನಿನ್ನೆಯ ಲಡಿಗೆ ಹೋಲಿಸಿ ನೋಡುವುದು ಅಪ್ಪ ಕಲಿಸಿದ ಪಾಠ. ಆ ಮನೆಯಲ್ಲಿ ಬಣ್ಣ ಬಿಡುವುದೆಂದರೆ ಮಾನ ಹೋದಂತೆ.

ಹನ್ನೆರಡು ವರ್ಷಗಳ ಹಿಂದೆ ಎಡವಿದ್ದೂ ಆ ಪಾಠದಿಂದಲೇ. ಗಂಡ ಅಂಜಯ್ಯನ ಮೇಜಿನ ಮೇಲೆ ಬೆಲ್ಲದ ಬಣ್ಣಕ್ಕೆ ತಿರುಗಿದ ಡಯಲೊಂದು ಇತ್ತು. ಪಾಪ ಮಾಸಿದೆಯೆಂದು ಮೈಲಮ್ಮ ಕಪ್ಪು ಬಣ್ಣ ಕಲೆಸಿ, ಕಣ್ಣು ಕೋರೈಸುವಂತೆ ಬಳಿದಿಟ್ಟರು! ವಾಚಿನ ಯಜಮಾನ, ಗದ್ವಾಲದ ನಿವೃತ್ತ ಮೇಷ್ಟ್ರು, ಅಂಗಡಿಯಲ್ಲೇ ತಲೆ ಹಿಡಿದು ಕೂತರಂತೆ.

“ನಾನು ಶಾಭಾಸ್ ಅಂತಾರ ಅಂತ ನಿಂತೀನಿ, ಅವರು ಅಳಾಕ ಹತ್ಯಾರ,” ಎಂದು ಮೈಲಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. “ನಮ್ಮಪ್ಪ ಇದ್ದಿದ್ರ ಮೇಷ್ಟ್ರನ್ನ ಬೈತಿದ್ದ, ನನ್ನ ಅಲ್ಲ.”

ಅಂದಿನಿಂದ ಕುಂಚ ಮುಟ್ಟಿಲ್ಲ. ನೋಡಿದ ಪ್ರತಿ ಅಸಲಿ ಬಣ್ಣಕ್ಕೂ ಒಂದು ಎಳೆ ನೂಲು ಅದ್ದಿ ಕೋಲಿಗೆ ಕಟ್ಟುತ್ತಾರೆ.

ಈ ಬೆಳಿಗ್ಗೆಯ ಡಯಲ್ ಗಟ್ಟು ಎಂಬ ಊರಿನ ಎಲ್ಲಪ್ಪನದು. ಮುಂಬೈ ಬಂದರಿನಲ್ಲಿ ಹಡಗಿನ ಅಡಿಗೆ ಮುಳುಗಿ ಕೆಲಸ ಮಾಡಿದ ಕೂಲಿ. ಹೋದ ವರ್ಷ ತೀರಿಕೊಂಡರು. ವಾಚನ್ನು ಯಾರಿಗೂ ಬಿಚ್ಚಲು ಕೊಟ್ಟಿಲ್ಲವೆಂದು ಕೊನೆಯವರೆಗೂ ಹೇಳುತ್ತಿದ್ದರು. ನಗರದ ಅಂಗಡಿಯೊಂದು ಮಾತ್ರ, ಕೂಲಿಯವನ ವಾಚು ತಾನೇ, ಯಾರೋ ಬಳಿದಿದ್ದಾರೆ, ಡಯಲ್ ಬದಲಿಸಿ ಎಂದು ಮಗಳಿಗೆ ಹೇಳಿ ಕಳಿಸಿದೆ. ಮಗಳು ವಾಣಿಶ್ರೀ ಗದ್ವಾಲದಲ್ಲಿ ನರ್ಸ್. ಮೊದಲ ಬಸ್ಸಿಗೇ ಬಂದು ಕಟ್ಟೆಯಂಚಿನಲ್ಲಿ ಕೂತಿದ್ದಾರೆ.

“ನಮ್ಮಪ್ಪ ಸುಳ್ಳು ಹೇಳಿದ್ನೇನಮ್ಮಾ?”

“ತಡಿಯವ್ವಾ. ಅಪ್ಪನ್ನ ಕೇಳೂದು ಬ್ಯಾಡ, ಇದನ್ನ ಕೇಳೂಣು.”

ಮೈಲಮ್ಮ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರೆ. ಡಯಲನ್ನು ಹೊರಳಿಸಿ ಅಂಚನ್ನು ನೋಡುತ್ತಾರೆ. ಅಂಜಯ್ಯ ಒಳಗಿನಿಂದ ಇಣುಕಿ, “ಏನಂತೈತಿ ಮೈಲೀ? ಬಾಯಿ ಬಿಡು, ಹುಡುಗಿ ಜೀವ ಹಾರತೈತಿ” ಎನ್ನುತ್ತಾರೆ.

“ನೀವು ಸುಮ್ನಿರ್ರಿ, ಸ್ಕ್ರೂ ಎಣಿಸ್ರಿ.” ಆಮೇಲೆ ವಾಣಿಶ್ರೀಯನ್ನು ಹತ್ತಿರ ಕರೆಯುತ್ತಾರೆ. “ಇಲ್ಲಿ ನೋಡು. ಅಂಚಿಗೆ ಕೂದಲೆಳೆಯಷ್ಟು ಕಪ್ಪು ಐತಿಲ್ಲ? ಇದು ವಾಚಿನ ಗಾಜಿನ ಸುತ್ತ ಇರೋ ಬಳೆ ಕೆಳಗ ಮುಚ್ಚಿಕೊಂಡಿದ್ದ ಜಾಗ, ಬಿಸಿಲು ಕಂಡಿಲ್ಲ. ಹಳೇ ಸೀರಿ ಬಿಚ್ಚಿದ್ರ ಮಡಿಕಿ ಒಳಗ ಹೊಸ ಬಣ್ಣ ಇರತೈತಲ್ಲ, ಹಂಗ. ಬಳಿಯಾವ ಅಂಚೂ ಸೇರಿಸಿ ಬಳಿತಾನ. ನನಗ ಗೊತ್ತಿಲ್ಲೇನು, ನಾನೂ ಬಳದಾಕಿ! ಅಸಲಿ ಐತವ್ವಾ. ನಿಮ್ಮಪ್ಪ ಖರೇ ಹೇಳ್ಯಾನ.”

ವಾಣಿಶ್ರೀ ಅಳುತ್ತಲೇ ನಗುತ್ತಾರೆ. ಚಹಾ ಬರುತ್ತದೆ. ಅಂಜಯ್ಯ ಡಯಲ್ ಅಸಲಿಯೆಂದು ಚೀಟಿ ಬರೆಯಲು ಕೂತು, ರೂಢಿಯಂತೆ ‘ಪರೀಕ್ಷಿಸಿದವರು: ಅಂಜಯ್ಯ’ ಎಂದು ಬರೆದುಬಿಡುತ್ತಾರೆ.

“ನೋಡಿದ್ದು ಅಮ್ಮ ಅಲ್ಲೇನ್ರಿ?” ಎಂದು ವಾಣಿಶ್ರೀ ತಡೆಯುತ್ತಾರೆ.

ಈ ಪ್ರಶ್ನೆ ಹನ್ನೆರಡು ವರ್ಷ ಯಾರ ಬಾಯಿಂದಲೂ ಬರಲಿಲ್ಲವೇಕೆ? ಸಂಗ್ರಾಹಕರ ಗಾಜಿನ ಕಪಾಟುಗಳಲ್ಲಿ ಕಂಪನಿಯ ಹೆಸರಿದೆ, ಕೊಂಡವರ ಹೆಸರಿದೆ, ಚೀಟಿಯಲ್ಲಿ ಅಂಗಡಿಯ ಗಂಡಸಿನ ಹೆಸರಿದೆ. ಕೂಲಿಯವನ ಮಾತಿಗೆ ಸಾಕ್ಷಿ ಬೇಕು, ಸಾಕ್ಷಿ ಹೇಳಿದ ಹೆಂಗಸಿನ ಹೆಸರು ಮಾತ್ರ ಬೇಡ. ಇದು ಮರೆವಲ್ಲ, ರೂಢಿ. ರೂಢಿಯನ್ನು ಹೊಡೆದು ಹಾಕಬಹುದು. ಅಂಜಯ್ಯ ಕಿವಿ ಹಿಡಿದುಕೊಂಡು ತಮ್ಮ ಹೆಸರಿನ ಮೇಲೆ ಗೀಟೆಳೆದು ‘ಮೈಲಮ್ಮ’ ಎಂದು ಬರೆಯುತ್ತಾರೆ.

“ಬೋರ್ಡಿಗೂ ಬರಸ್ತೀನಿ ತಗೋ. ಪಕ್ಕಾ ಪೇಂಟಿನಾಗ!”

ಎಲ್ಲಪ್ಪನ ಡಯಲಿನ ಬಣ್ಣಕ್ಕೆಂದು ನಲವತ್ತೆರಡನೆಯ ಎಳೆಯನ್ನು ಕಟ್ಟೆಯ ಪಕ್ಕದ ಪುಟ್ಟ ಬಣ್ಣದ ಬಾನಿಗೆ ಇಳಿಸುತ್ತಿದ್ದ ಮೈಲಮ್ಮ ತಿರುಗಿ ನೋಡುತ್ತಾರೆ.

“ಬರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಿಸಿಲಿಗೆ ಮಾಸಿದ್ರ ಮಾಸ್ಲಿ, ಮ್ಯಾಲ ಮತ್ತ ಬಳಿಬ್ಯಾಡ್ರಿ. ನನ್ನ ಹೆಸರೂ ಅಸಲಿ ಇರ್ಲಿ.”